ಗರ್ಭಿಣಿಯ ಲೋಟ, ಮಗುವಿನ ಮಿದುಳು

(ಕೊಡಗಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು ಹಾಗೂ ತೋಟದ ಮನೆಗಳವರ ಮುಂದೆ ಆಡಿದ ಉಪನ್ಯಾಸದ ಬರಹ ರೂಪ)

ಗರ್ಭಿಣಿ ಕುಡಿಯುವ ಮದ್ಯ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಏನು ಮಾಡುತ್ತದೆ ಎಂಬುದು ಇವತ್ತಿನ ಮಾತು. ಮೊದಲು ಮನೆಯಲ್ಲಿ ಮಾಡುವ ವೈನಿನ ಲೆಕ್ಕ ಹಾಕೋಣ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ, ಪ್ಯಾಶನ್ ಫ್ರೂಟ್, ಅಕ್ಕಿ, ಯಾವುದರ ಹೆಸರಿನ ವೈನ್ ಆದರೂ ಅದರೊಳಗಿನ ಮದ್ಯಸಾರ ಹುಟ್ಟುವುದು ಸಕ್ಕರೆಯಿಂದ. ಭರಣಿಗೆ ಹಾಕಿದ ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಪೂರ್ತಿ ಹುಳಿತರೆ ಶೇ. 1ರಷ್ಟು ಮದ್ಯಸಾರ ಸಿಗುತ್ತದೆ. ಐದು ಲೀಟರಿನ ಭರಣಿಗೆ ಒಂದು ಕಿಲೋ ಸಕ್ಕರೆ ಸುರಿದರೆ ಲೀಟರಿಗೆ 200 ಗ್ರಾಂ ಆಯಿತು. ಅಷ್ಟೂ ಹುಳಿತರೆ ವೈನ್ ಶೇ. 11ರಿಂದ 12ಕ್ಕೆ ಬಂದು ನಿಲ್ಲುತ್ತದೆ. ಹಣ್ಣಿನದೇ ಸಕ್ಕರೆ ಬೇರೆ ಇರುತ್ತದೆ. ಕುಡಿಯುವಾಗ ಸಿಹಿ ಹತ್ತುತ್ತದೆ ಎಂದ ಮಾತ್ರಕ್ಕೆ ಅದು ಸೌಮ್ಯ ಎಂದು ತಿಳಿಯಬೇಡಿ. ಮದ್ಯಸಾರ ಏರಿ ಈಸ್ಟ್ ಸತ್ತ ಮೇಲೆ ಉಳಿದ ಸಕ್ಕರೆಯ ಸಿಹಿ ಅದು. ಸೋಸಿದ ಮೇಲೆ ರುಚಿಗೆಂದು ಮತ್ತೆ ಸಕ್ಕರೆ ಬೆರೆಸುವವರೂ ಇದ್ದಾರೆ.

ಒಂದು ಎಂ.ಎಲ್. ಮದ್ಯಸಾರದ ತೂಕ 0.79 ಗ್ರಾಂ. ನಮ್ಮ ಅಡುಗೆಮನೆಯ 200 ಎಂ.ಎಲ್. ಸ್ಟೀಲ್ ಲೋಟದ ತುಂಬ ಶೇ. 12ರ ವೈನ್ ಹಾಕಿದರೆ ಅದರಲ್ಲಿ 24 ಎಂ.ಎಲ್., ಅಂದರೆ ಸುಮಾರು 19 ಗ್ರಾಂ ಮದ್ಯಸಾರ ಇರುತ್ತದೆ. ಈಗ ಅಂಗಡಿಯ ಬ್ರಾಂಡಿ, ರಮ್, ವಿಸ್ಕಿ ನೋಡಿ. ಬಾಟಲಿಯ ಮೇಲೆ ಶೇ. 42.8 ಎಂದು ಬರೆದಿರುತ್ತದೆ. ಮೂವತ್ತು ಎಂ.ಎಲ್.ನ ಒಂದು ಸಣ್ಣ ಪೆಗ್ಗಿನಲ್ಲಿ 10 ಗ್ರಾಂ, ಅರವತ್ತರ ದೊಡ್ಡ ಪೆಗ್ಗಿನಲ್ಲಿ 20 ಗ್ರಾಂ. ಅಂದರೆ ಅಜ್ಜಿ ಪ್ರೀತಿಯಿಂದ ತುಂಬಿಸಿ ಕೊಟ್ಟ ಒಂದು ಲೋಟ ಮನೆ ವೈನೂ ಒಂದು ದೊಡ್ಡ ಪೆಗ್ ಬ್ರಾಂಡಿಯೂ ಹೊಟ್ಟೆಯೊಳಗಿನ ಮಗುವಿಗೆ ಹೆಚ್ಚುಕಡಿಮೆ ಒಂದೇ. ಶೇ. 5ರ ಒಂದು ದೊಡ್ಡ ಬಾಟಲಿ ಬಿಯರಿನಲ್ಲಿ, ಅಂದರೆ 650 ಎಂ.ಎಲ್.ನಲ್ಲಿ, 26 ಗ್ರಾಂ ಇರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ 41 ಗ್ರಾಂ. ಬ್ರಾಂಡಿ, ವಿಸ್ಕಿಯ 90 ಎಂ.ಎಲ್. ಪ್ಯಾಕೆಟ್ಟಿನಲ್ಲಿ 30 ಗ್ರಾಂ, 180 ಎಂ.ಎಲ್. ಕ್ವಾರ್ಟರಿನಲ್ಲಿ 60. ಬೈನೆ ಮರದಿಂದ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಯ ಹೊತ್ತಿಗೆ ಬಿಯರಿನ ಮಟ್ಟಕ್ಕೆ ಹುಳಿತಿರುತ್ತದೆ. ಕಳ್ಳಭಟ್ಟಿಯ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಅದರಲ್ಲಿ ಮೆಥನಾಲ್ ಎಂಬ ವಿಷ ಸೇರಿದ್ದರೆ ಪ್ರಾಣಕ್ಕೇ ಅಪಾಯ.

ಈ ಲೆಕ್ಕವನ್ನು ಮೊದಲೇ ಇಟ್ಟದ್ದಕ್ಕೆ ಕಾರಣವಿದೆ. ಕೊಡಗಿನಲ್ಲಿ ಮದ್ಯ ಕದ್ದು ಕುಡಿಯುವ ವಸ್ತುವಲ್ಲ. ಕುಲದ ಹಿರಿಯರಾದ ಗುರುಕಾರೋಣರಿಗೆ ಮೀದಿ (ಎಡೆ) ಇಡುವಾಗ ಅದು ಇರುತ್ತದೆ. ಹುತ್ತರಿ, ಕೈಲ್ ಮುಹೂರ್ತ, ಮದುವೆಮನೆ, ಮಳೆಗಾಲದ ಸಂಜೆ, ಎಲ್ಲೆಲ್ಲೂ ಅದು ಉಪಚಾರದ ಭಾಗ. ಹೆಂಗಸರ ಕೈಗೂ ಲೋಟ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಹೀಗೆ ಬರುವ ಲೋಟವನ್ನು ಯಾರೂ "ಕುಡಿಯುವುದು" ಎಂದು ಎಣಿಸುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ "ಇಲ್ಲ ಡಾಕ್ಟ್ರೇ, ಕುಡಿಯೋದಿಲ್ಲ, ಯಾವಾಗಾದ್ರೂ ಸ್ವಲ್ಪ ವೈನ್ ಅಷ್ಟೇ" ಎಂಬ ಉತ್ತರ ಬರುತ್ತದೆ. ಹೇಳಿದವರು ಸುಳ್ಳು ಹೇಳಿಲ್ಲ. ಕೇಳಿದವರು ಸರಿಯಾಗಿ ಕೇಳಿಲ್ಲ. ಎಣಿಕೆಗೇ ಬಾರದ ಆ ಲೋಟವೇ ಇವತ್ತಿನ ವಿಷಯ.

ಗರ್ಭಿಣಿಯ ರಕ್ತದಿಂದ ಮಗುವಿಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ಮಾಸು (ಪ್ಲಸೆಂಟಾ) ಒಂದು ಮಟ್ಟಿಗೆ ಸೋಸುತ್ತದೆ. ಮದ್ಯಸಾರವನ್ನು ಮಾತ್ರ ಅದು ತಡೆಯಲಾರದು. ನೀರಿನಲ್ಲೂ ಕೊಬ್ಬಿನಲ್ಲೂ ಕರಗುವ ಬಹಳ ಸಣ್ಣ ಅಣು ಅದು. ತಾಯಿ ಕುಡಿದು ಒಂದು ಗಂಟೆಯೊಳಗೆ ಮಗುವಿನ ರಕ್ತದಲ್ಲಿ ತಾಯಿಯಷ್ಟೇ ಮಟ್ಟಕ್ಕೆ ಏರಿಬಿಡುತ್ತದೆ. ಮುಂದಿನದು ಇನ್ನೂ ಕೆಟ್ಟದ್ದು. ದೊಡ್ಡವರ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಒಡೆಯುತ್ತದೆ. ಮದ್ಯಸಾರ ಒಡೆಯುವ ಕಿಣ್ವಗಳು ಭ್ರೂಣದ ಲಿವರಿನಲ್ಲಿ ಬಹಳ ಕಡಿಮೆ. ಹಾಗಾಗಿ ಮಗು ಕಾಯಬೇಕು: ತಾಯಿಯ ರಕ್ತದ ಮಟ್ಟ ಇಳಿದ ಮೇಲೆಯೇ ತನ್ನದು ಮಾಸಿನ ದಾರಿಯಾಗಿ ವಾಪಸು ಹೋಗಬೇಕು. ಈ ನಡುವೆ ಒಂದು ಪಾಲು ಗರ್ಭದ ನೀರಿಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಮೂರು ತಿಂಗಳು ಕಳೆಯುವ ಹೊತ್ತಿಗೆ ಮಗು ಆ ನೀರನ್ನು ನುಂಗಲು ಶುರು ಮಾಡಿರುತ್ತದೆ, ದಿನ ತುಂಬುವಾಗ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ನುಂಗುತ್ತದೆ. ತಾಯಿಯ ನಶೆ ಇಳಿದು ಎಷ್ಟೋ ಹೊತ್ತಾದ ಮೇಲೂ ಮಗು ತನ್ನ ಸುತ್ತಲಿನ ನೀರಿನಿಂದ ಅದನ್ನೇ ಮತ್ತೆ ಕುಡಿಯುತ್ತಿರುತ್ತದೆ.

ಹಾನಿ ಯಾವ ತಿಂಗಳಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು ವಾರಗಳ ಎಣಿಕೆ ತಿಳಿಯಬೇಕು. ನಾವು ಗರ್ಭದ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಮುಟ್ಟು ಒಂದು ವಾರ ತಪ್ಪಿ "ಏನೋ ಇರಬಹುದು" ಎಂದು ಅನುಮಾನ ಬರುವ ಹೊತ್ತಿಗೆ ಭ್ರೂಣಕ್ಕೆ 21 ದಿನ ಆಗಿರುತ್ತದೆ. ಮುಖ ಮತ್ತು ಮಿದುಳಿನ ಮೊದಲ ನಕ್ಷೆ ಬೀಳುವುದು ಆ ಮೂರನೇ ವಾರದಲ್ಲೇ. ಇನ್ನೊಂದೆರಡು ದಿನದಲ್ಲಿ ಹೃದಯ ಬಡಿಯಲು ಶುರು, 28ನೇ ದಿನದ ಹೊತ್ತಿಗೆ ಬೆನ್ನುಹುರಿಯ ಕೊಳವೆ ಮುಚ್ಚಿರುತ್ತದೆ. ಸೀಳುತುಟಿ ಇಲ್ಲ, ಕೈಕಾಲು ಸರಿ ಇದೆ ಎಂದು ಸಮಾಧಾನಪಡುವ ಮುಖದ ಹಿಂದೆ, ಆ ಒಂದೇ ವಾರದಲ್ಲಿ ಬಿದ್ದ ಪೆಟ್ಟು ಅಡಗಿರಬಹುದು. ಮದುವೆಯಾಗಿ ಮಗುವಿಗಾಗಿ ಕಾಯುತ್ತಿರುವ ಹೆಣ್ಣುಮಗಳು ತಿಂಗಳು ತಪ್ಪಿದ ಮೇಲೆ ಬಿಟ್ಟರಾಯಿತು ಎಂದುಕೊಂಡರೆ ತಡವಾಗುವುದು ಇದಕ್ಕೇ. ಗರ್ಭನಿರೋಧಕ ನಿಲ್ಲಿಸಿದ ದಿನವೇ ಲೋಟವನ್ನೂ ನಿಲ್ಲಿಸಬೇಕು. ಅಂದಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನೂ ಶುರು ಮಾಡಬೇಕು, ಏಕೆಂದರೆ ಮದ್ಯ ದೇಹಕ್ಕೆ ಫೋಲೇಟ್ ದಕ್ಕದಂತೆ ಮಾಡುತ್ತದೆ. ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಯ ಬಳಿ ಸಿಗುವ ನಿಶ್ಚಯ್ ಕಿಟ್ಟಿನಲ್ಲಿ ಮೂತ್ರ ನೋಡಿಕೊಳ್ಳಿ, "ಇನ್ನೊಂದು ತಿಂಗಳು ನೋಡೋಣ" ಎನ್ನಬೇಡಿ.

ಮೊದಲ ಮೂರು ತಿಂಗಳು ದಾಟಿದರೆ ಅಪಾಯ ಮುಗಿಯಿತು ಎಂಬ ನಂಬಿಕೆಯೂ ತಪ್ಪು. ಹೃದಯ, ಮೂತ್ರಪಿಂಡ, ಮೂಳೆಗಳ ದೋಷ ಬರುವುದು ಹೆಚ್ಚಾಗಿ ಆ ಅವಧಿಯಲ್ಲಿ ಎಂಬುದು ನಿಜ. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ನಾಲ್ಕನೇ, ಐದನೇ ತಿಂಗಳಲ್ಲಿ ನರಕೋಶಗಳು ಮಿದುಳಿನ ಒಳಭಾಗದಲ್ಲಿ ಹುಟ್ಟಿ ಹೊರಪದರಕ್ಕೆ ಪ್ರಯಾಣ ಮಾಡುತ್ತಿರುತ್ತವೆ. ಆಸರೆಯ ಮರ ಹಿಡಿದು ಕಾಳುಮೆಣಸಿನ ಬಳ್ಳಿ ಏರುವ ಹಾಗೆ, ಉದ್ದನೆಯ ಆಸರೆ ಕೋಶಗಳನ್ನು ಹಿಡಿದು ಅವು ಮೇಲೇರುತ್ತವೆ. ಮದ್ಯಸಾರ ಈ ಹಿಡಿತವನ್ನು ಸಡಿಲಿಸುತ್ತದೆ, ಕೋಶಗಳು ನಡುದಾರಿಯಲ್ಲಿ ನಿಂತುಬಿಡುತ್ತವೆ ಅಥವಾ ತಪ್ಪು ಪದರಕ್ಕೆ ಸೇರುತ್ತವೆ. ಕೊನೆಯ ಮೂರು ತಿಂಗಳಲ್ಲಿ ನರಕೋಶಗಳು ಒಂದಕ್ಕೊಂದು ಸಂಪರ್ಕ ಕಟ್ಟಿಕೊಳ್ಳುತ್ತವೆ. ಸಂಕೇತ ಬಾರದ ಕೋಶ "ನಾನು ಬೇಡದವನು" ಎಂದು ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆ ಪ್ರಕೃತಿಯಲ್ಲೇ ಇದೆ. ಮದ್ಯಸಾರ ಸಂಕೇತಗಳನ್ನು ಅಡಗಿಸುವುದರಿಂದ ಬೇಕಾದ ಕೋಶಗಳೂ ಸಾಯುತ್ತವೆ. ಇಲಿಮರಿಗಳಲ್ಲಿ ಮಿದುಳು ಈ ಹಂತದಲ್ಲಿರುವಾಗ ಒಂದು ದಿನದ ಭಾರೀ ಮತ್ತಿನಿಂದಲೇ ಲಕ್ಷಗಟ್ಟಲೆ ನರಕೋಶಗಳು ಸತ್ತದ್ದನ್ನು 2000ದಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು.

ಎರಡು ಅರೆಗೋಳಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್, ನಡಿಗೆ ಮತ್ತು ಸಮತೋಲನದ ಸೆರೆಬೆಲಮ್, ನೆನಪಿನ ಹಿಪೊಕ್ಯಾಂಪಸ್, ಮುಂದಾಲೋಚನೆಯ ಮುಂಭಾಗ, ಪೆಟ್ಟು ಹೆಚ್ಚಾಗಿ ಬೀಳುವುದು ಇವುಗಳಿಗೆ. ಇದರ ಜೊತೆ ಗರ್ಭಪಾತ, ಮಗು ಹೊಟ್ಟೆಯಲ್ಲೇ ಸಾಯುವುದು, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕ, ಇವುಗಳ ಅಪಾಯವೂ ಏರುತ್ತದೆ.

ವೈದ್ಯಲೋಕಕ್ಕೆ ಇದು ಹೊಳೆದದ್ದು ಇತ್ತೀಚೆಗೆ ಎಂದೇ ಹೇಳಬೇಕು. ಫ್ರಾನ್ಸಿನ ನಾಂತ್ ನಗರದ ವೈದ್ಯ ಪೌಲ್ ಲೆಮ್ವಾನ್ 1968ರಲ್ಲಿ ಕುಡಿಯುವ ತಂದೆತಾಯಿಯರ 127 ಮಕ್ಕಳ ಬಗ್ಗೆ ಬರೆದರು, ಹೆಚ್ಚು ಜನ ಗಮನಿಸಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ 1973ರಲ್ಲಿ ಅದೇ ಲಕ್ಷಣಗಳನ್ನು ಗುರುತಿಸಿ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಈಗ ಪೂರ್ಣ ಲಕ್ಷಣದಿಂದ ಹಿಡಿದು ಕಣ್ಣಿಗೆ ಕಾಣದ ಮಿದುಳಿನ ತೊಂದರೆಯವರೆಗೆ ಎಲ್ಲವನ್ನೂ ಸೇರಿಸಿ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಎನ್ನುತ್ತಾರೆ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ, ಗರ್ಭದಲ್ಲಿದ್ದಾಗ ಮದ್ಯ ತೆಗೆದುಕೊಂಡ ಪ್ರತಿ 13 ತಾಯಂದಿರಲ್ಲಿ ಒಬ್ಬರಿಗೆ ಇಂಥ ಯಾವುದಾದರೊಂದು ತೊಂದರೆಯ ಮಗು ಹುಟ್ಟುತ್ತದೆ. ಮುಖದಲ್ಲೇ ಗುರುತು ಕಾಣುವ ಪೂರ್ಣ ಲಕ್ಷಣದ ಮಗು ಪ್ರತಿ 67 ತಾಯಂದಿರಲ್ಲಿ ಒಬ್ಬರಿಗೆ. ಮುಖ ನೋಡಿ ಕಂಡುಹಿಡಿಯಬಹುದಾದ ಮಕ್ಕಳು ಎಷ್ಟು ಕಡಿಮೆ ಎಂಬುದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಕೊಡಗಿನವರು ತಿಳಿಯಲೇಬೇಕಾದ ಜಾಗ ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಪ್ರಾಂತ್ಯ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನಿನ ರೂಪದಲ್ಲಿ ಕೊಡುವ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಕಾನೂನು ಬೇಡವೆಂದ ಮೇಲೂ ಎಷ್ಟೋ ವರ್ಷ ಉಳಿಯಿತು. ಪದ್ಧತಿ ಹೋದರೂ ಕುಡಿತ ಹೋಗಲಿಲ್ಲ. ಈ ತೊಂದರೆ ಇರುವ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾದ ಜಾಗಗಳಲ್ಲಿ ಅದೂ ಒಂದು. ಕಾಫಿ ಕೊಯ್ಲಿನ ಹೊತ್ತಿಗೆ, ಬಟವಾಡೆಯ ಸಂಜೆ, ದುಡಿದು ದಣಿದವರಿಗೆ ಖುಷಿಯಾಗಲಿ ಎಂದು ಬಾಟಲಿ ಕೊಡುವುದು ನಮ್ಮಲ್ಲೂ ಇದೆ. ತೋಟದ ಮಾಲೀಕರು, ರೈಟರು, ಮೇಸ್ತ್ರಿಗಳು ಇಲ್ಲಿ ಇದ್ದೀರಿ. ಕೂಲಿ ಹಣದಲ್ಲೇ ಕೊಡಿ, ಇನಾಮು ಕೊಡುವುದಿದ್ದರೆ ಅಕ್ಕಿ, ಎಣ್ಣೆ, ಕಂಬಳಿ ಕೊಡಿ. ಬಟವಾಡೆಯ ದಿನ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆಗೆ) ಬಾಟಲಿ ಹೋಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಹಾಗೆಂದು ಇದನ್ನು ಲೈನ್ ಮನೆಯ ರೋಗ, ಆದಿವಾಸಿ ಹಾಡಿಯ ರೋಗ ಎಂದು ಬೇರೆಯವರು ನೆಮ್ಮದಿಯಿಂದಿರಬೇಡಿ. ಲೈನ್ ಮನೆಯ ತಾಯಿಗೆ ರಕ್ತಹೀನತೆ, ಪೌಷ್ಟಿಕಾಂಶದ ಕೊರತೆ ಜೊತೆಗಿರುವುದರಿಂದ ಅದೇ ಪ್ರಮಾಣದ ಮದ್ಯ ಹೆಚ್ಚು ಪೆಟ್ಟು ಕೊಡುತ್ತದೆ, ಅಷ್ಟೇ. ಬಂಗಲೆಯ ತಾಯಿಯ ಮಾಸು ಬೇರೆ ರೀತಿಯದ್ದಲ್ಲ.

"ಎಷ್ಟು ಕುಡಿದರೆ ಅಪಾಯ?" ಎಂದು ಕೇಳಿದರೆ ನೇರವಾದ ಉತ್ತರ: ಇಷ್ಟಾದರೆ ತೊಂದರೆಯಿಲ್ಲ ಎಂಬ ಪ್ರಮಾಣ ಯಾವುದೂ ಇಲ್ಲ, ಕುಡಿಯಬಹುದಾದ ತಿಂಗಳಿಲ್ಲ, ಪರವಾಗಿಲ್ಲ ಎನ್ನುವಂಥ ಪಾನೀಯವಿಲ್ಲ. ಆದರೆ ಪ್ರಮಾಣಕ್ಕೆ ಅರ್ಥವಿಲ್ಲ ಎಂದಲ್ಲ. ಒಂದೇ ಹೊತ್ತಿಗೆ 40 ಗ್ರಾಂ ಮತ್ತು ಅದಕ್ಕೂ ಹೆಚ್ಚು, ಅಂದರೆ ನಾಲ್ಕು ಸಣ್ಣ ಪೆಗ್ ಅಥವಾ ಎರಡು ಲೋಟ ಮನೆ ವೈನ್, ಇಳಿದರೆ ರಕ್ತದ ಮಟ್ಟ ಎತ್ತರಕ್ಕೆ ಏರುತ್ತದೆ. ಮಗುವಿನ ಮಿದುಳಿಗೆ ಹೆಚ್ಚು ಕೆಟ್ಟದ್ದು ಆ ಎತ್ತರ. ವಾರವಿಡೀ ಮುಟ್ಟದೆ ಮದುವೆಮನೆಯ ಒಂದು ರಾತ್ರಿ ಸಿಕ್ಕಾಪಟ್ಟೆ ಕುಡಿಯುವುದು ಅಪಾಯಕಾರಿ ಎನ್ನುವುದು ಅದಕ್ಕೇ. ಒಂದೇ ಗರ್ಭದಲ್ಲಿದ್ದ, ಒಂದೇ ಮದ್ಯ ತಾಗಿದ ಅವಳಿಗಳಲ್ಲೂ ಒಂದು ಮಗುವಿಗೆ ತೊಂದರೆ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆ ಆದದ್ದುಂಟು. ಅನುವಂಶೀಯತೆ, ತಾಯಿಯ ವಯಸ್ಸು, ಊಟ, ಬೀಡಿ ಅಥವಾ ಹೊಗೆಸೊಪ್ಪು, ಎಲ್ಲ ಸೇರಿ ನಿರ್ಧಾರವಾಗುತ್ತದೆ. "ನನ್ನ ಅತ್ತೆ ಆರು ಮಕ್ಕಳಿಗೂ ಕುಡಿದವರೇ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ" ಎಂಬ ಮಾತು ನಿಜವೇ ಇರಬಹುದು. ಏಳನೆಯ ಮಗುವಿಗೆ ಅದು ಭರವಸೆಯಲ್ಲ.

ಹುಟ್ಟಿದ ಮಗುವಿನಲ್ಲಿ ಏನು ನೋಡಬೇಕು? ಮುಖದಲ್ಲಿ ಮೂರು ಗುರುತು. ಕಣ್ಣಿನ ಸೀಳಿನ ಉದ್ದ ಕಡಿಮೆ, ಮೂಗಿನ ಕೆಳಗಿನಿಂದ ಮೇಲ್ದುಟಿಯವರೆಗೆ ಇರಬೇಕಾದ ತೋಡು ಮಟ್ಟಸ, ಮೇಲ್ದುಟಿ ತೀರಾ ತೆಳ್ಳಗೆ. ಇದರ ಜೊತೆ ಎತ್ತರ ಅಥವಾ ತೂಕ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಕೆಳಗಿನ ಹತ್ತರೊಳಗೆ ಇರುವುದು, ತಲೆಯ ಸುತ್ತಳತೆ ಚಿಕ್ಕದಿರುವುದು. ಮೂಗಿನ ಸೇತುವೆ ಚಪ್ಪಟೆ, ಕಣ್ಣಂಚಿನ ಮಡಿಕೆ, ಇವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ, ಎಷ್ಟೋ ಜನರಲ್ಲಿ ಅವು ಮನೆತನದಿಂದಲೇ ಬಂದಿರುತ್ತವೆ. ಮಗು ನಕ್ಕಾಗ ತುಟಿ ತೆಳ್ಳಗಾಗಿ ತೋಡು ಮಾಯವಾಗುತ್ತದೆ. ಹಾಗಾಗಿ ನಗದೆ, ಬಾಯಿ ಮೆಲ್ಲಗೆ ಮುಚ್ಚಿರುವಾಗ ನೋಡಬೇಕು. ರಕ್ತಪರೀಕ್ಷೆಯಿಂದಾಗಲಿ ಗರ್ಭದ ಸ್ಕ್ಯಾನಿನಿಂದಾಗಲಿ ಇದು ಗೊತ್ತಾಗುವುದಿಲ್ಲ. ಮುಖದ ಮೂರೂ ಗುರುತು ಇಲ್ಲದಿದ್ದರೆ, ತಾಯಿ ಕುಡಿದಿದ್ದ ಮಾಹಿತಿ ಸಿಗದ ಹೊರತು ವೈದ್ಯರಿಗೆ ರೋಗ ಗುರುತಿಸುವ ದಾರಿಯೇ ಮುಚ್ಚುತ್ತದೆ.

ಶಿಕ್ಷಕರಿಗೆ ಈ ಮಕ್ಕಳು ಬೇರೆ ಹೆಸರಿನಲ್ಲಿ ಪರಿಚಯ: ದಡ್ಡ, ಹಟಮಾರಿ, ಸುಳ್ಳುಗಾರ. ನಿನ್ನೆ ಚೆನ್ನಾಗಿ ಒಪ್ಪಿಸಿದ ಮಗ್ಗಿ ಇವತ್ತು ಬರುವುದಿಲ್ಲ. ಮಾತು ಚುರುಕು, ಅರ್ಥ ಮಾಡಿಕೊಳ್ಳುವುದು ನಿಧಾನ. "ಪುಸ್ತಕ ತೆಗೆದು, ಇಪ್ಪತ್ತನೇ ಪುಟ ನೋಡಿ, ಎರಡನೇ ಲೆಕ್ಕ ಮಾಡು" ಎಂದರೆ ಮೊದಲನೆಯದು ಮಾತ್ರ ತಲೆಗೆ ಹೋಗುತ್ತದೆ. ಒಂದು ತಪ್ಪಿಗೆ ಸಿಕ್ಕ ಶಿಕ್ಷೆಯನ್ನು ಮುಂದಿನ ಸಲದ ತಪ್ಪಿಗೆ ಜೋಡಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಬೈದರೆ, ಹೊಡೆದರೆ ಪ್ರಯೋಜನವಿಲ್ಲ. ಮಗು ಹೆದರುತ್ತದೆಯೇ ಹೊರತು ಕಲಿಯುವುದಿಲ್ಲ. ಬುದ್ಧಿಮಟ್ಟ ಸಾಮಾನ್ಯವಾಗಿಯೇ ಇರುವ ಮಕ್ಕಳಲ್ಲೂ ಇದೆಲ್ಲ ಇರಬಹುದು. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಹೇಳುವುದಕ್ಕಿಂತ ಮಾಡಿ ತೋರಿಸಿ. ಮಗು ಕೂರುವ ಜಾಗ, ಊಟದ ಹೊತ್ತು, ಮಲಗುವ ಹೊತ್ತು ಬದಲಾಗದಿರಲಿ. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿ. ಲೆಕ್ಕವನ್ನು ಹುಣಸೆಬೀಜ, ಕಾಫಿಬೀಜ ಹಿಡಿದು ಕಲಿಸಿ. ಆರು ವರ್ಷದೊಳಗೆ ತೊಂದರೆ ಗುರುತಾದ, ಹಿಂಸೆಯಿಲ್ಲದ ಸ್ಥಿರವಾದ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಶಾಲೆ ಬಿಡುವುದು, ಪೊಲೀಸ್ ಕೇಸಿಗೆ ಸಿಗುವುದು ಕಡಿಮೆ ಎಂದು ದೊಡ್ಡ ಅಧ್ಯಯನವೊಂದು ಕಂಡುಕೊಂಡಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅನುಮಾನವಿರುವ ಮಗುವಿನ ಹೆಸರು, ತೂಕ, ಎತ್ತರ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಆ ದಿನ ತೋರಿಸಿ.

ಈಗ ಕೇಳುವ ಕ್ರಮ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಮದ್ಯ ಸೇವಿಸುವ ಹೆಂಗಸರು ದೇಶದಲ್ಲಿ ಶೇ. 1.3 ಎಂದು ಬಂದಿದೆ. ಈ ಸಣ್ಣ ಅಂಕಿಯಿಂದಾಗಿ "ನಮ್ಮ ಹೆಂಗಸರಲ್ಲಿ ಆ ಸಮಸ್ಯೆ ಇಲ್ಲ" ಎಂದು ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ. ಮದ್ಯ ಮನೆಯ ವಾಡಿಕೆಯಾಗಿರುವ ಜಿಲ್ಲೆಯಲ್ಲಿ ಹಾಗೆ ಬಿಡಲಾಗದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ: ಪ್ರತಿ ಗರ್ಭಿಣಿಯನ್ನೂ ಪ್ರತಿ ತಪಾಸಣೆಯಲ್ಲೂ ಕೇಳಿ. ಪ್ರತಿ ತಿಂಗಳ 9ನೇ ತಾರೀಕಿನ ಗರ್ಭಿಣಿ ತಪಾಸಣೆ ಇದಕ್ಕೆ ಒಳ್ಳೆಯ ದಿನ.

ಅತ್ತೆ, ಗಂಡ ಪಕ್ಕದಲ್ಲಿರುವಾಗ ಕೇಳಬೇಡಿ. ತೂಕ ನೋಡುವ ನೆಪದಲ್ಲಿ ಒಳಗೆ ಕರೆದು ಒಬ್ಬರೇ ಇರುವಾಗ ಕೇಳಿ. "ಕುಡಿಯುತ್ತೀರಾ?" ಎನ್ನಬೇಡಿ. "ಅಕ್ಕಾ, ತಿಂಗಳು ತಪ್ಪುವ ಮೊದಲು, ಒಂದು ಮೂರು ತಿಂಗಳಲ್ಲಿ, ವೈನ್, ಬಿಯರ್, ಬ್ರಾಂಡಿ, ಕಳ್ಳು, ಇದರಲ್ಲಿ ಯಾವುದು ತಕೊಳ್ತಿದ್ರಿ?" ಎಂದು ಕೇಳಿ. ಈಗಿನದ್ದನ್ನು ಮುಚ್ಚಿಡುವವರು ಹಿಂದಿನದ್ದನ್ನು ಸಲೀಸಾಗಿ ಹೇಳುತ್ತಾರೆ, ಆ ಉತ್ತರವೇ ದಾರಿ ತೋರಿಸುತ್ತದೆ. ಆಮೇಲೆ "ಯಾವ ಲೋಟದಲ್ಲಿ?" ಎಂದು ಕೇಳಿ. ಮನೆಭೇಟಿಯಲ್ಲಿದ್ದರೆ ಲೋಟವನ್ನೇ ತರಿಸಿ, ಎಷ್ಟು ಹಾಕುತ್ತಿದ್ದರೋ ಅಷ್ಟು ನೀರು ಹಾಕಿಸಿ, ಆ ನೀರನ್ನು ಮಗುವಿನ ಹಾಲಿನ ಬಾಟಲಿಗೆ ಸುರಿದು ಗೀಟು ನೋಡಿ. "ಸ್ವಲ್ಪ" ಎಂದವರ ಸ್ವಲ್ಪ 180 ಎಂ.ಎಲ್. ಆಗಿರುವುದು ಅಪರೂಪವಲ್ಲ. ಮುಂದೆ ನಾಲ್ಕು ಪ್ರಶ್ನೆ: ನಶೆ ಏರಲು ಎಷ್ಟು ಬೇಕು? ಕುಡಿಯುವುದರ ಬಗ್ಗೆ ಯಾರಾದರೂ ಅಂದು ಬೇಜಾರಾಗಿದೆಯೇ? ಕಡಿಮೆ ಮಾಡಬೇಕು ಅನ್ನಿಸಿದೆಯೇ? ಬೆಳಿಗ್ಗೆ ಎದ್ದೊಡನೆ ಬೇಕೆನ್ನಿಸುತ್ತದೆಯೇ? ಎರಡು ಸಣ್ಣ ಪೆಗ್ಗಿಗಿಂತ ಹೆಚ್ಚು ಬೇಕು ಎಂದರೆ 2 ಅಂಕ, ಉಳಿದ ಒಂದೊಂದು ಹೌದಿಗೂ 1. ಒಟ್ಟು 2 ಅಥವಾ ಹೆಚ್ಚು ಬಂದರೆ ವೈದ್ಯರ ಹತ್ತಿರ ಕಳಿಸಲೇಬೇಕು.

ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಡಿ ಎಂದು ನಾವು ಹೇಳುತ್ತೇವೆ. ಆ ಕಾರ್ಡ್ ಮನೆಯವರೆಲ್ಲರ ಕೈಗೆ ಹೋಗುತ್ತದೆ. ಅದರಿಂದ ಒಂದು ಏಟು ಬಿದ್ದರೆ ಮುಂದಿನ ಸಲ ಆಕೆ ಏನನ್ನೂ ಹೇಳುವುದಿಲ್ಲ. ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಇರಲಿ, ಹೆರಿಗೆ ಮಾಡಿಸುವ ವೈದ್ಯರಿಗೂ ಮಕ್ಕಳ ವೈದ್ಯರಿಗೂ ತಲುಪಲಿ.

ಎಂದಾದರೊಮ್ಮೆ ತೆಗೆದುಕೊಳ್ಳುವವರು ಇವತ್ತೇ ನಿಲ್ಲಿಸಬಹುದು. ದಿನವೂ ಹೆಚ್ಚು ಕುಡಿಯುವವರಿಗೆ "ಇವತ್ತಿಂದ ಬಿಟ್ಟುಬಿಡು" ಎಂದು ಹೇಳಿ ಮನೆಗೆ ಕಳಿಸುವುದು ಅಪಾಯ. ಕೊನೆಯ ಲೋಟದಿಂದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಕೆಲವರಿಗೆ ಪ್ರಜ್ಞೆ ತಪ್ಪಿದ ಬಡಬಡಿಕೆ, ಇಲ್ಲದ್ದು ಕಾಣಿಸುವುದು. ತಾಯಿಗೂ ಮಗುವಿಗೂ ಪ್ರಾಣಾಪಾಯ ಅದು. ಇಂಥವರನ್ನು ಆಸ್ಪತ್ರೆಗೆ ಸೇರಿಸಿ, ಔಷಧಿಯ ಬೆಂಬಲದಲ್ಲಿ ಬಿಡಿಸಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡುವುದನ್ನು ಮರೆಯಬಾರದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಗರ್ಭಿಣಿಗೆ ಬೇಡ, ಅನ್ನದಲ್ಲಿ ಗುಟ್ಟಾಗಿ ಬೆರೆಸುವುದಂತೂ ಕೂಡದೇ ಕೂಡದು. ಫೋನಿನಲ್ಲಿ ಸಲಹೆ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446, ಎರಡೂ ಉಚಿತ.

ಮನೆಯವರು ಮಾಡಬೇಕಾದದ್ದು ಬಹಳ ಇಲ್ಲ. ಗರ್ಭಿಣಿಯ ಕೈಗೆ ಲೋಟ ಕೊಡಬೇಡಿ, "ಒಂದು ಗುಟುಕು, ಶಾಸ್ತ್ರಕ್ಕೆ" ಎಂದು ಒತ್ತಾಯಿಸಬೇಡಿ. ಹಿರಿಯರು ಎಲ್ಲರೆದುರು "ಅವಳಿಗೆ ಬೇಡ" ಎಂದು ಒಮ್ಮೆ ಹೇಳಿಬಿಟ್ಟರೆ ಆಕೆ ಮನೆಮನೆಯಲ್ಲೂ ಕಾರಣ ಹೇಳುತ್ತಾ ತಿರುಗಬೇಕಿಲ್ಲ. ಮಳೆಗೆ, ಚಳಿಗೆ ಮದ್ಯ ಬೆಚ್ಚಗಿಡುತ್ತದೆ ಎಂಬುದೂ ಸರಿಯಲ್ಲ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಬಿಸಿ ಗಂಜಿ, ಸಾರು ಕೊಡಿ. ಬೆಲ್ಲದ ಕಾಪಿ ಆಗಬಹುದು, ದಿನಕ್ಕೆ ಎರಡು ಸಣ್ಣ ಲೋಟಕ್ಕಿಂತ ಹೆಚ್ಚು ಬೇಡ.

ಸಭೆಯಿಂದ ಬಂದ ಕೆಲವು ಪ್ರಶ್ನೆಗಳು, ಉತ್ತರಗಳು:

ಗರ್ಭಿಣಿ ಎಂದು ತಿಳಿಯದೆ ಮದುವೆಯಲ್ಲಿ ಕುಡಿದಿದ್ದೆ, ಗರ್ಭ ತೆಗೆಸಬೇಕೇ?

ಅದೊಂದೇ ಕಾರಣಕ್ಕೆ ಬೇಡ. ಹಾಗೆ ಕುಡಿದವರಲ್ಲಿ ಹೆಚ್ಚಿನವರ ಮಕ್ಕಳಿಗೆ ತೊಂದರೆ ಆಗುವುದಿಲ್ಲ. ಇವತ್ತು ನಿಲ್ಲಿಸಿದರೂ ಮುಂದಿನ ತಿಂಗಳುಗಳ ಮಿದುಳಿನ ಬೆಳವಣಿಗೆ ಉಳಿಯುತ್ತದೆ. ವೈದ್ಯರಿಗೆ ದಿನಾಂಕ, ಪ್ರಮಾಣ ಹೇಳಿ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ, ಹೃದಯದಂಥ ಅಂಗಗಳ ದೋಷ ಅದರಲ್ಲಿ ಕಾಣಬಹುದು. ನಾಲ್ಕನೇ ತಿಂಗಳಿಂದ ಕೊಡುವ ಕಬ್ಬಿಣದ ಮಾತ್ರೆ 180 ದಿನ ನುಂಗಿ.

ಅರಿಷ್ಟ, ಆಸವ, ಟಾನಿಕ್ ಕುಡಿಯಬಹುದೇ? ಇಡ್ಲಿ ಹಿಟ್ಟು, ಹುಳಿ ಬಂದ ಗಂಜಿ?

ಅರಿಷ್ಟಗಳಲ್ಲಿ ಹುಳಿತು ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10 ಇರುತ್ತದೆ, ಲೇಬಲ್ಲಿನಲ್ಲೇ ಬರೆದಿರುತ್ತದೆ. 20 ಎಂ.ಎಲ್.ಗೆ ಒಂದೂವರೆ ಗ್ರಾಂ ಮೀರುವುದು ಕಡಿಮೆ. ಒಂದು ಸಲ ಕುಡಿದಿದ್ದರೆ ಗಾಬರಿ ಬೇಡ. ಗರ್ಭಿಣಿ ಎಂದು ಹೇಳಿ ಬೇರೆ ಔಷಧಿ ಕೇಳಿ. ಇಡ್ಲಿ, ದೋಸೆ, ಗಂಜಿಯ ಬಗ್ಗೆ ಚಿಂತೆಯೇ ಬೇಡ.

ಗಂಡ ಕುಡಿದರೆ ಮಗುವಿಗೆ ಈ ರೋಗ ಬರುತ್ತದೆಯೇ?

ಈ ರೋಗಕ್ಕೆ ಗರ್ಭದಲ್ಲಿ ಮದ್ಯ ಮಗುವಿಗೆ ತಾಗಿರಬೇಕು. ಆದರೆ ಗಂಡ ಮನೆಯಲ್ಲಿ ಬಾಟಲಿ ತೆರೆದರೆ ಹೆಂಡತಿ ಬಿಡುವುದು ಕಷ್ಟ. ಹೊಡೆತ, ಹಸಿವು ಬಂದರೆ ಇನ್ನೂ ಕಷ್ಟ. ಒಂಬತ್ತು ತಿಂಗಳು ಇಬ್ಬರೂ ಬಿಡುವುದು ಸರಿಯಾದ ದಾರಿ.

ಬಾಟಲಿಯ ಮೇಲೆ ಎಚ್ಚರಿಕೆ ಇರುತ್ತದಲ್ಲ?

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ತಂದ ನಿಯಮದ ಎಚ್ಚರಿಕೆ ಆರೋಗ್ಯಕ್ಕೆ ಹಾನಿ ಎನ್ನುತ್ತದೆ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಗರ್ಭಿಣಿಯ ಮಾತು ಅದರಲ್ಲಿಲ್ಲ. ಅಮೆರಿಕದ ಬಾಟಲಿಗಳ ಮೇಲೆ 1989ರಿಂದ ಇದೆ. ಇಲ್ಲೂ ಬರಬೇಕು. ಮನೆ ವೈನಿಗಂತೂ ಲೇಬಲ್ಲೇ ಇಲ್ಲ, ಅಲ್ಲಿ ನೀವೇ ಹೇಳಬೇಕು.

ಬಾಣಂತಿಗೆ ಬ್ರಾಂಡಿ ಕೊಟ್ಟರೆ ಹಾಲು ಹೆಚ್ಚುತ್ತದೆ ಎನ್ನುತ್ತಾರೆ.

ಮದ್ಯವು ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಮಗುವಿಗೆ ಸಿಗುವ ಹಾಲು ಕಡಿಮೆಯಾಗುತ್ತದೆ. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಹಾಲಿನಲ್ಲೂ ಸುಮಾರು ಅಷ್ಟೇ ಇರುತ್ತದೆ. ಹಿಂಡಿ ಚೆಲ್ಲಿದರೆ ಅದು ಬೇಗ ಇಳಿಯುವುದಿಲ್ಲ, ರಕ್ತದಿಂದ ಹೋದ ಮೇಲೆಯೇ ಹಾಲಿನಿಂದ ಹೋಗುವುದು. ಕುಡಿದೇ ಬಿಟ್ಟಿದ್ದರೆ ಪ್ರತಿ 30 ಎಂ.ಎಲ್. ಪೆಗ್ಗಿಗೆ ಎರಡರಿಂದ ಮೂರು ಗಂಟೆ ಬಿಟ್ಟು ಹಾಲೂಡಿಸಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ.

ಶೀತಕ್ಕೆ ಎಳೆಮಗುವಿಗೆ ಒಂದು ಚಮಚ ಬ್ರಾಂಡಿ?

ಐದು ಎಂ.ಎಲ್. ಚಮಚದಲ್ಲಿ 1.7 ಗ್ರಾಂ ಮದ್ಯಸಾರ ಇದೆ. ಮೂರು ಕಿಲೋ ತೂಕದ ಮಗುವಿನ ರಕ್ತದಲ್ಲಿ ಅದು 100 ಎಂ.ಎಲ್.ಗೆ ಸುಮಾರು 75 ಮಿಲಿಗ್ರಾಂಗೆ ಏರಬಹುದು. ವಾಹನ ಓಡಿಸುವ ದೊಡ್ಡವರಿಗೆ ಕಾನೂನು ಒಪ್ಪುವ ಮಿತಿ 30. ಎಳೆಮಗುವಿನಲ್ಲಿ ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರುತ್ತದೆ, ಉಸಿರು ನಿಧಾನವಾಗುತ್ತದೆ. ಯಾರಾದರೂ ಕೊಟ್ಟುಬಿಟ್ಟಿದ್ದರೆ ಮಗುವನ್ನು ಮಲಗಲು ಬಿಟ್ಟು ಕಾಯಬೇಡಿ. ಎಚ್ಚರವಿದ್ದು ಹಾಲು ಕುಡಿಯುತ್ತಿದ್ದರೆ ಎದೆಹಾಲು ಕೊಡುತ್ತಲೇ ಹೊರಡಿ. ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮೈ ಬೆಚ್ಚಗಿರುವಂತೆ ಸುತ್ತಿ, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟದ್ದು ಎಂದು ಅಲ್ಲಿ ಮುಚ್ಚಿಡದೆ ಹೇಳಿ, ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ.